ಹ್ಯಾಂಗಂದ್ರ ಮಾಸ್ತರನ ಒಂದು ಹೋಲಿಕೆ

ನನ್ನ ಮೇಜಿನ ಮೇಲೆ ಒಂದು ಲಾಳಿ ಇದೆ. ಫ್ಯಾನಿನ ಗಾಳಿಗೆ ಪೇಪರು ಹಾರಬಾರದು ಅಂತ ಇಟ್ಟುಕೊಂಡಿದ್ದೇನೆ ಎಂದು ಬಂದವರಿಗೆ ಹೇಳುತ್ತೇನೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಗೇಣಿಗಿಂತ ತುಸು ಉದ್ದನೆಯ ಕಟ್ಟಿಗೆಯ ವಸ್ತು. ಎರಡೂ ತುದಿ ಚೂಪು, ನಡುವೆ ಹೊಟ್ಟೆ ಕೊರೆದು ನೂಲು ಸುತ್ತಿದ ಕಂಡಿಕೆ ಕೂರಲು ಜಾಗ. ಐವತ್ತು ವರ್ಷ ಒಂದೇ ಕೈಯಲ್ಲಿ ಓಡಾಡಿದ್ದರಿಂದ ಮೈಯೆಲ್ಲ ನುಣುಪು. ಒಂದು ತುದಿ ಮಾತ್ರ ಸೀಳಿದೆ. ಆ ಸೀಳಿನ ಕಥೆ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನನ್ನ ಮರ್ಯಾದೆ ಮೊದಲ ಪುಟದಲ್ಲೇ ಹೋಗುತ್ತದೆ.

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಮೊನ್ನೆ ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಾಲ್ಕನೇ ಇಯತ್ತೆಯ ಹುಡುಗಿ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

"ಅಜ್ಜಾ, ಇದೇನು?"

"ಇದು ಲಾಳಿ."

"ಲಾಳಿ ಅಂದ್ರ?"

"ಲಾಳಿ ಅಂದ್ರ… ಹ್ಯಾಂಗಂದ್ರ…" ಎಂದವನು ಅಲ್ಲಿಗೇ ನಿಂತೆ.

ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಕಲಿಸಿದವನು ನಾನು. ಅಷ್ಟೂ ವರ್ಷ ಬೇರೆ ಏನನ್ನೋ ತಿಳಿಸಬೇಕಾದಾಗ ಲಾಳಿಯ ಹೆಸರು ಹೇಳಿ ಪಾರಾಗಿದ್ದೆ. ಗಡಿಯಾರದ ಲೋಲಕ ಹೇಗೆ ಓಡಾಡುತ್ತದೆ? ಲಾಳಿಯ ಹಾಗೆ. ಎಂಜಿನ್ನಿನ ಪಿಸ್ಟನ್ನು? ಅದೂ ಲಾಳಿಯ ಹಾಗೆ. ಜಮಖಂಡಿಯಿಂದ ಮುಧೋಳಕ್ಕೆ ಹೋಗಿ ಬರುವ ಬಸ್ಸನ್ನು ನೋಡಿ ಹಿಂದಿನ ಮಂದಿ ಕೂಡ, "ಲಾಳಿ ಹಾಂಗ ಓಡ್ಯಾಡತೈತಿ ನೋಡ್ರಿ" ಅನ್ನುತ್ತಿದ್ದರು. ಈಗ ಆ ಲಾಳಿಗೇ ಒಂದು ಹೋಲಿಕೆ ಹುಡುಕುವ ಹೊತ್ತು ಬಂದಿದೆ. ಬೇರೆ ದಾರಿ ಕಾಣದೆ, "ಲಾಳಿ ಅಂದ್ರ ಜಮಖಂಡಿ-ಮುಧೋಳ ಬಸ್ಸಿನ ಹಾಂಗ. ಈ ಕಡಿಂದ ಆ ಕಡಿಗೆ, ಆ ಕಡಿಂದ ಈ ಕಡಿಗೆ" ಎಂದೆ.

"ಹಂಗಾರ ಇದರಾಗ ಮಂದಿ ಎಲ್ಲಿ ಕುಂಡ್ರತಾರ?"

"ಇಲ್ಲಿ, ಹೊಟ್ಯಾಗ. ಮಂದಿ ಅಂದ್ರ ನೂಲು. ದಾರಿ ತುಂಬ ಇಳಕೋಂತ ಹೊಕ್ಕಾರ."

"ಹತ್ತೋರು ಯಾರೂ ಇಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಒಳಗಿನಿಂದ ಊಟಕ್ಕೆ ಕರೆದು ನನ್ನನ್ನು ಉಳಿಸಿದಳು.

ಈ 'ಹ್ಯಾಂಗಂದ್ರ' ನನ್ನ ಹಳೆಯ ಚಟ. ಸಾವಳಗಿ, ಮಹಾಲಿಂಗಪುರ, ಹಿಪ್ಪರಗಿ ಕಡೆಯ ಹೈಸ್ಕೂಲುಗಳಲ್ಲಿ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹುಡುಗರ ಬಾಯಲ್ಲಿ ನಾನು ಹ್ಯಾಂಗಂದ್ರ ಮಾಸ್ತರ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಒಬ್ಬ ತಾಯಿ ತನ್ನ ಮಗನಿಗೆ, "ಹ್ಯಾಂಗಂದ್ರ ಮಾಸ್ತರು ಬಂದಾರ, ನಮಸ್ಕಾರ ಮಾಡೋ" ಎಂದಿದ್ದಳು. ಅದು ಅಡ್ಡಹೆಸರು ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ. ಹುಡುಗ ಮಾತ್ರ ನೆಲಕ್ಕಿಳಿದು ಹೋದ. ನನಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ, ಒಳಗೊಳಗೆ ಹಿಗ್ಗಿದೆ.

ಹಿಗ್ಗಿದ್ದಕ್ಕೆ ತಕ್ಕ ಶಾಸ್ತಿಯೂ ಆಗುತ್ತಿತ್ತು. ಒಂದು ವರ್ಷ ಒಂಬತ್ತನೇ ಇಯತ್ತೆಗೆ ವಿದ್ಯುತ್ತಿನ ಪಾಠ. ಪುಸ್ತಕದ ಭಾಷೆ ಯಾರಿಗೂ ಹತ್ತಲಿಲ್ಲ. ನಾನು ಸೀಮೆಸುಣ್ಣ ಕೆಳಗಿಟ್ಟು, "ಹ್ಯಾಂಗಂದ್ರ, ತಂತಿ ಅಂದ್ರ ಕಾಲುವಿ. ಕರೆಂಟ್ ಅಂದ್ರ ಅದರಾಗಿನ ನೀರು" ಎಂದು ಶುರು ಮಾಡಿ, ಹಿಪ್ಪರಗಿಯ ಬ್ಯಾರೇಜು, ಗೇಟು, ಇಳಿಜಾರು ಎಲ್ಲವನ್ನೂ ಫಲಕದ ಮೇಲೆ ಹರಿಸಿಬಿಟ್ಟೆ. ಕಬ್ಬಿಗೆ ನೀರು ಹಾಯಿಸುವ ಮನೆಯ ಮಕ್ಕಳು. ಎಲ್ಲರ ಕಣ್ಣಲ್ಲೂ ಬೆಳಕು. ಪರೀಕ್ಷೆಯಲ್ಲಿ, ಒಂದೇ ತಂತಿಗೆ ಒಂದರ ಹಿಂದೊಂದು ಜೋಡಿಸಿದ ಮೂರು ಬಲ್ಬುಗಳಲ್ಲಿ ಯಾವುದು ಹೆಚ್ಚು ಉರಿಯುತ್ತದೆ ಎಂದು ಕೇಳಿದ್ದೆ. ಅರ್ಧ ತರಗತಿ ಒಂದೇ ಉತ್ತರ ಬರೆದಿತ್ತು: 'ಮೊದಲನೆಯ ಬಲ್ಬು ಜೋರಾಗಿ ಉರಿಯುತ್ತದೆ. ಕೊನೆಯ ಬಲ್ಬಿಗೆ ಕರೆಂಟು ಮುಟ್ಟುವುದಿಲ್ಲ. ಏಕೆಂದರೆ ಮೇಲಿನ ಬಲ್ಬಿನವರು ನಡುವೆ ಪೈಪು ಹಾಕಿಕೊಂಡಿರುತ್ತಾರೆ.' ಭೌತಶಾಸ್ತ್ರದ ಪ್ರಕಾರ ಅದು ಶುದ್ಧ ತಪ್ಪು. ಕಾಲುವೆಯ ತುದಿಯಲ್ಲಿ ಹೊಲ ಇರುವ ಯಾರನ್ನು ಬೇಕಾದರೂ ಕೇಳಿ, ಅದು ಶುದ್ಧ ಸತ್ಯ. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ ಎಲ್ಲರಿಗೂ ಅರ್ಧ ಮಾರ್ಕು ಕೊಟ್ಟೆ.

ಹೋಲಿಕೆ ಹೇಳುವವನ ಮನೆಯಿಂದ ಒಂದು ರೂಪದಲ್ಲಿ ಹೊರಡುತ್ತದೆ, ಕೇಳುವವನ ಮನೆಗೆ ಇನ್ನೊಂದು ರೂಪದಲ್ಲಿ ತಲುಪುತ್ತದೆ. ಇದನ್ನು ನಾನು ನನ್ನ ಮದುವೆಯ ಮಾತುಕತೆಯಲ್ಲೇ ಕಲಿಯಬೇಕಿತ್ತು. ಮುಧೋಳದ ನನ್ನ ಸೋದರಮಾವ ಬೇಟೆನಾಯಿ ಸಾಕಿದ್ದ. ಮುಧೋಳದ ನಾಯಿ ನಿಮಗೆ ಗೊತ್ತಲ್ಲ, ಸಣ್ಣ ನಡು, ಉದ್ದ ಕಾಲು, ಬಿಟ್ಟರೆ ಬಾಣ. ಮಾವನಿಗೆ ಲೋಕದಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ. ನಾನು ಹತ್ತನೇ ಇಯತ್ತೆ ಪಾಸಾದಾಗ, "ನಮ್ಮ ನಾಯಿ ಹಾಂಗ ಓಡಿದಿ ಲೇ" ಎಂದು ಬೆನ್ನು ತಟ್ಟಿದ್ದ. ನನಗೆ ಹೆಣ್ಣು ನೋಡಲು ಬೀಳಗಿಗೆ ಹೋದಾಗ ಅವನೇ ಹಿರಿಯ. ಹುಡುಗಿ ಉಪ್ಪಿಟ್ಟು ತಂದಿಟ್ಟು ಒಳಗೆ ಹೋಗುತ್ತಿದ್ದಂತೆ, ಅವಳ ಅಪ್ಪನ ಕಡೆ ತಿರುಗಿ ಮನಸಾರೆ ಹೇಳಿದ: "ಛಲೋ ಐತ್ರಿ ಹುಡುಗಿ. ನಮ್ಮ ನಾಯಿ ಹಾಂಗ ತೆಳ್ಳಗ, ಚುರುಕು."

ಹುಡುಗಿಯ ಅಪ್ಪ ಕೈಯಲ್ಲಿದ್ದ ಉಪ್ಪಿಟ್ಟಿನ ತಾಟು ಕೆಳಗಿಟ್ಟ. ಮಾತುಕತೆ ಮುರಿಯದಂತೆ ನೋಡಿಕೊಳ್ಳಲು ಮೂರು ತಿಂಗಳು ಬೇಕಾಯಿತು. ನನ್ನ ಹೆಂಡತಿ ಅದನ್ನು ಮರೆತಿಲ್ಲ. ಈಗಲೂ ನಾನು ಅವಳ ಅಡುಗೆಯನ್ನು ಹೊಗಳಲು ಹೊರಟರೆ ಸಾಕು, "ಹಾಂಗ ಛಲೋ ಆಗೇತಿ ಅಂತ ಹೇಳ್ರಿ ಸಾಕು. ಯಾವುದರ ಹಾಂಗ ಅಂತ ಹೇಳಬ್ಯಾಡ್ರಿ" ಅನ್ನುತ್ತಾಳೆ.

ನನಗೆ ಈ ಚಟ ಹತ್ತಿದ್ದು ಮಾತ್ರ ಮಾವನಿಂದಲ್ಲ, ಅಕ್ಕನಿಂದ. ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಎರಡು ಮಗ್ಗ, ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥವು. ನೂಲು ಸುತ್ತುವುದಕ್ಕೆ ಒಂದು ಕೈ ಕಡಿಮೆ ಬಿತ್ತೆಂದು ಅಪ್ಪ ನೀಲಕ್ಕನನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದ. ನಾನು ಆಗ ಒಂದನೇ ಇಯತ್ತೆ. ನನ್ನನ್ನು ಬಿಡಿಸಲಿಲ್ಲ. ಅಕ್ಕ ಅತ್ತಳಂತೆ. ನನಗೆ ನೆನಪಿಲ್ಲ. ನೆನಪಿರುವುದು ಇಷ್ಟೇ, ಸಂಜೆ ನಾನು ಬಂದ ಕೂಡಲೇ ರಾಟೆ ತಿರುಗಿಸುತ್ತಲೇ, "ಇವತ್ತ ಏನ್ ಹೇಳಿದ್ರೋ ಸಾಲ್ಯಾಗ?" ಎಂದು ಕೇಳುತ್ತಿದ್ದಳು. ನಾನು ಅರೆಬರೆ ತಿಳಿದದ್ದನ್ನು ಅರೆಬರೆ ಹೇಳಿದರೆ, ಅವಳು ಅದನ್ನು ನೂಲಿಗೋ ಬಣ್ಣಕ್ಕೋ ಹಚ್ಚಿ ನನಗೇ ತಿರುಗಿ ತಿಳಿಸುತ್ತಿದ್ದಳು. ಭಾಗಾಕಾರವನ್ನು ನಾನು ಕಲಿತದ್ದು ಸೀರೆಯ ದಡಿಯ ಎಳೆಗಳಲ್ಲಿ.

ನನಗೆ ಅಮಾವಾಸ್ಯೆ ಅಂದರೆ ಹೆದರಿಕೆ. ಚಂದ್ರನನ್ನು ಯಾರೋ ತಿಂದರು ಅಂತ ಅಳುತ್ತಿದ್ದೆ. ಒಂದು ಸಂಜೆ ನೀಲಕ್ಕ ಕೈಯಲ್ಲಿದ್ದ ಕಂಡಿಕೆ ತೋರಿಸಿ ಹೇಳಿದಳು: "ನೋಡು ತಮ್ಮಾ, ತುಂಬಿದ ಕಂಡಿಕಿ ಅಂದ್ರ ಹುಣ್ಣಿವಿ ಚಂದ್ರ. ಮ್ಯಾಲ ಯಾರೋ ನೇಯಾಕತ್ತಾರ. ದಿನಾ ಒಂದಿಷ್ಟ ನೂಲ ಖರ್ಚ ಆಗತೈತಿ. ತೀರಿದ ದಿನ ಅಮಾಸಿ. ಅವತ್ತ ನಮ್ಮ ಮಗ್ಗಾನೂ ಬಂದ್ ಇರತಾವಲ್ಲ, ಹಾಂಗ ಅಲ್ಲೂ ಸೂಟಿ. ಮರುದಿನ ಮತ್ತ ಸುತ್ತಾಕ ಸುರು ಮಾಡ್ತಾರ."

ಅವತ್ತಿನಿಂದ ಅಳುವುದನ್ನು ಬಿಟ್ಟೆ. ಮುಂದೆ ಎಂಟನೇ ಇಯತ್ತೆಯಲ್ಲಿ ಸೂರ್ಯ, ಭೂಮಿ, ಚಂದ್ರ ಸುತ್ತುವ ಪಾಠ ಕೇಳಿ ಬಂದು, ಕಂದೀಲು ಇಟ್ಟು ಚೆಂಡು ತಿರುಗಿಸಿ ಅವಳ ತಪ್ಪನ್ನು ತಿದ್ದಿದೆ. ಪೂರ್ತಿ ಕೇಳಿದ ಮೇಲೆ ಅವಳು, "ನಿನ್ನ ಚಂದ್ರ ಖರೆ ಇರಬೇಕು ಬಿಡು. ನೀ ಅಳೂದು ಬಿಟ್ಟಿದ್ದು ಮಾತ್ರ ನನ್ನ ಚಂದ್ರನಿಂದ" ಎಂದಳು. ಅವಳು ಶಾಲೆಯಲ್ಲಿ ಉಳಿದಿದ್ದರೆ ಹ್ಯಾಂಗಂದ್ರ ಅನ್ನುವ ಹೆಸರು ಅವಳಿಗೆ ಸಿಗಬೇಕಿತ್ತು. ನಾನು ಅವಳ ಜಾಗದಲ್ಲಿ ಸಂಬಳ ತಗೊಂಡೆ.

ಅದೇ ಊರಿಗೆ ಮದುವೆಯಾಗಿ, ಅಲ್ಲಿಯೂ ಮಗ್ಗಕ್ಕೇ ಕೂತು, ಗಂಡ ತೀರಿಕೊಂಡ ಮೇಲೂ ನೇಯುವುದನ್ನು ಅವಳು ಬಿಡಲಿಲ್ಲ. ಸುತ್ತ ಮನೆಮನೆಗೂ ಪವರ್‌ಲೂಮು ಬಂದವು. ಓಣಿಯೆಲ್ಲ ಖಟಖಟ ಅನ್ನುವಾಗ ಅವಳ ಮನೆಯೊಳಗೆ ಮಾತ್ರ ನಿಧಾನ ಸದ್ದು. ಮಗ, ಸೊಸೆ ರೇಖಾ ಸಾಕು ಅಂದರೂ ಕೇಳುವವಳಲ್ಲ. "ಕೈ ಸುಮ್ಮನ ಇದ್ರ ತಲಿ ಸುಮ್ಮನ ಇರಂಗಿಲ್ಲ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಕಣ್ಣು ತೋರಿಸಲು ಹೋದವಳಿಗೆ ಬಿಪಿ ವಿಪರೀತ ಇದೆ ಎಂದು ಗೊತ್ತಾಯಿತು. ನಮ್ಮಪ್ಪನಿಗೂ ಅದಿತ್ತು, ನನಗೂ ಇದೆ. ಮನೆತನದಲ್ಲಿ ಅಪ್ಪ ಇಬ್ಬರಿಗೂ ಸಮನಾಗಿ ಹಂಚಿದ್ದು ಅದೊಂದನ್ನೇ. ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಅವಳು ಎಷ್ಟು ಹೇಳಿದರೂ ನೀಲಕ್ಕ ಗುಳಿಗೆ ಒಲ್ಲೆ ಅಂದಳು. ಕೊನೆಗೆ ರೇಖಾ ನನಗೆ ಫೋನ್ ಮಾಡಿ, "ಮಾಮಾರ, ನೀವ ಬಂದು ತಿಳಿಸಿ ಹೇಳ್ರಿ. ನಿಮ್ಮ ಮಾತಂದ್ರ ಕೇಳ್ತಾರ" ಎಂದಳು. ನಾನು ಮುಂದಿನ ಬಸ್ಸಿಗೇ ಹೊರಟೆ. ಇಂಥ ಕರೆಗಾಗಿಯೇ ಕಾದು ಕೂತವನ ಹಾಗೆ ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡಿದ್ದೆ.

ದವಾಖಾನೆಯಲ್ಲಿ ನೀಲಕ್ಕ ಡಾಕ್ಟರಿಗೇ ಪಾಠ ಹೇಳುತ್ತಿದ್ದಳು. "ಡಾಕ್ಟರಬಾಯಾರ, ನನಗ ತಲಿ ನೋಯಂಗಿಲ್ಲ, ಎದಿ ನೋಯಂಗಿಲ್ಲ. ಬ್ಯಾನಿ ಇಲ್ಲದ್ದಕ್ಕ ಗುಳಿಗಿ ಯಾಕ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತೆ. "ಅಕ್ಕಾ, ಹ್ಯಾಂಗಂದ್ರ, ಮಗ್ಗದ ಮ್ಯಾಲ ಹಾಸು ಭಾಳ ಬಿಗಿ ಆತಂದ್ರ ಏನಾಗತೈತಿ?" ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು.

"ಎಳಿ ಹರೀತಾವು."

"ಹರಿಯೂ ಮೊದಲ ಮಗ್ಗಕ್ಕ ಬ್ಯಾನಿ ಆಗತೈತೇನು?"

"ಮಗ್ಗಕ್ಕ ಎಲ್ಲಿ ಬ್ಯಾನಿ? ನೋಡಾಕ ಛಲೋನ ಕಾಣತೈತಿ. ಪಟ್ ಅಂದಾಗ ಗೊತ್ತಾಗೂದು."

"ಹಾಂಗ ನಿನ್ನ ಮೈಯ್ಯಾಗ ರಕ್ತ ಬಿಗಿ ಆಗೇತಿ. ಪಟ್ ಅನ್ನೂ ಮೊದಲ ಸಡ್ಲ ಮಾಡೂದಕ್ಕ ಈ ಗುಳಿಗಿ."

ನೀಲಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ಕೈ ಚಾಚಿ, "ಕೊಡ್ರಿ ಇಲ್ಲಿ" ಎಂದಳು. ಡಾಕ್ಟರು, "ಸರ್, ಇದನ್ನ ನಾನೂ ಉಳಿದವರಿಗೆ ಹೇಳಬಹುದೇನ್ರಿ?" ಎಂದು ಕೇಳಿದರು. ಹೇಳಿ, ಹೇಳಿ ಎಂದು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟೆ. ಆ ದಿನ ಅಕ್ಕನ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚು ತಿಂದೆ. ಜಮಖಂಡಿಗೆ ಬಂದು ಹೆಂಡತಿಗೆ ಆ ಸಂಭಾಷಣೆಯನ್ನು ಮೂರು ಸಲ ಹೇಳಿದೆ, ಮೂರನೇ ಸಲ ಅದರಲ್ಲಿ ನನ್ನ ಮಾತು ಸ್ವಲ್ಪ ಜಾಸ್ತಿಯಾಗಿತ್ತು.

ನೀಲಕ್ಕ ತಪ್ಪದೆ ಗುಳಿಗೆ ತಗೊಂಡಳು. ಎರಡು ತಿಂಗಳಿಗೆ ಮತ್ತೆ ತೋರಿಸಿದಾಗ ಡಾಕ್ಟರು, "ಈಗ ಬರೋಬ್ಬರಿ ಐತ್ರಿ ಅಮ್ಮಾರ" ಎಂದರಂತೆ. ಅದನ್ನು ಕೇಳಿ ನಾನು ಇನ್ನೊಮ್ಮೆ ಬೀಗಿದೆ. ಆಮೇಲೆ ಏನಾಯಿತು ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಪಾಠ ಮುಗಿದ ಮೇಲೆ ಫಲಕ ಒರೆಸಿ ಹೊರಡುವುದು ನನ್ನ ಕಸುಬಿನ ರೂಢಿ.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಚಹಾ ಕುಡಿಯುತ್ತಿದ್ದೆ. ರೇಖಾಳ ಫೋನು. "ಮಾಮಾರ, ಅತ್ತಿಯವರ ಕೈಯಾಗಿನ ಲಾಳಿ ಬಿತ್ತರಿ. ಎತ್ತಾಕ ಹೋದ್ರ ಕೈ ಏಳವಲ್ದು. ಮಾತೂ ತೊದಲಾಕತ್ತೈತ್ರಿ."

ಜಮಖಂಡಿಯ ಆಸ್ಪತ್ರೆಗೆ ಅವರು ಬರುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ. ಗಾಡಿಯಿಂದ ಇಳಿಸುವಾಗ ಅವಳ ಬಲಗೈ ತೊಡೆಯ ಮೇಲಿಂದ ಜಾರಿ ಹೊರಗೆ ತೂಗಾಡಿತು. ಅದನ್ನು ಅವಳೇ ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಅಕ್ಕನ ಆ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಪುಣ್ಯಕ್ಕೆ ಬೇಗ ತಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಮಾತು ಸರಿಯಾಯಿತು. ಕೈಗೆ ಶಕ್ತಿ ಬರಲು ದಿನ ಹಿಡಿಯುತ್ತದೆ, ಎಷ್ಟು ಬರುತ್ತದೆಂದು ಈಗಲೇ ಹೇಳಲಾಗದು ಎಂದರು. ಆಸ್ಪತ್ರೆಯ ಡಾಕ್ಟರು ಅವಳ ಮಂಚದ ಪಕ್ಕ ನಿಂತು, "ಅಜ್ಜಿ, ಬಿಪಿ ಗುಳಿಗಿ ತಗೋತಿದ್ರೇನ್ರಿ?" ಎಂದು ಕೇಳಿದರು.

"ತಗೋತಿದ್ನಿರಿ. ಬಿಟ್ಟು ನಾಕೈದ ತಿಂಗಳಾತು."

"ಯಾರ ಹೇಳಿದ್ರು ಬಿಡಾಕ?"

"ನನ್ನ ತಮ್ಮ."

ಡಾಕ್ಟರು, ರೇಖಾ, ಪಕ್ಕದ ಮಂಚದ ರೋಗಿ ಎಲ್ಲರೂ ನನ್ನ ಕಡೆ ತಿರುಗಿದರು. ನೀಲಕ್ಕ ಎಡಗೈ ಆಡಿಸುತ್ತ ಡಾಕ್ಟರಿಗೆ ವಿವರಿಸಿದಳು: "ಸಾಲಿ ಮಾಸ್ತರ ಅದಾನ್ರಿ. ಭಾಳ ಛಲೋ ತಿಳಿಸಿ ಹೇಳಿದ. ಹಾಸ ಬಿಗಿ ಇದ್ರ ಸಡ್ಲ ಮಾಡಬೇಕು. ಹದಕ್ಕ ಬಂದ ಮ್ಯಾಲ ಮತ್ತ ಕೈ ಹಚ್ಚಬಾರದು. ದಿನಾ ಸಡ್ಲ ಮಾಡಕೋಂತ ಹೋದ್ರ ಅರಿವಿ ಜಾಳ ಬೀಳತೈತ್ರಿ. ಅಲ್ಲಿ ಡಾಕ್ಟರಬಾಯಾರ ಬರೋಬ್ಬರಿ ಆಗೇತಿ ಅಂದ್ರು, ನಾ ಬಿಟ್ಟೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಹೆಮ್ಮೆ ಇತ್ತು. ಅದು ನನ್ನನ್ನು ಹೆಚ್ಚು ಸುಟ್ಟಿತು. ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತೆ. ಬಿಗಿ, ಸಡಿಲ ಎಂಬ ಎರಡು ಮಾತನ್ನು ನಾನು ಮಗ್ಗದಿಂದ ಎತ್ತಿಕೊಂಡು ಬಂದಿದ್ದೆ. ಉಳಿದದ್ದನ್ನು ಅಲ್ಲೇ ಬಿಟ್ಟಿದ್ದೆ. ಅಕ್ಕ ಹಾಗೆ ಅರ್ಧ ತಿಳಿಯುವವಳಲ್ಲ. ಮಗ್ಗದ ಹೆಸರು ಹೇಳಿದ ಮೇಲೆ ಇಡೀ ಮಗ್ಗವನ್ನೇ ತಲೆಯಲ್ಲಿ ಹೂಡಿಕೊಂಡು, ಅದರ ನ್ಯಾಯದ ಪ್ರಕಾರವೇ ನಡೆದಿದ್ದಳು. ನೇಕಾರರ ಮನೆಯಲ್ಲಿ ಹುಟ್ಟಿಯೂ ನಾನು ಒಂದು ಗೇಣು ಬಟ್ಟೆ ನೇಯ್ದವನಲ್ಲ. ಬಲ್ಬಿನ ಉತ್ತರಕ್ಕೆ ಅರ್ಧ ಮಾರ್ಕು ಕೊಟ್ಟು ನಕ್ಕಿದ್ದು ನೆನಪಾಯಿತು. ಈ ಸಲ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

ಆಸ್ಪತ್ರೆಯಿಂದ ಅವಳನ್ನು ನಮ್ಮ ಮನೆಗೇ ಕರೆತಂದೆವು. ನನ್ನ ಹೆಂಡತಿ ದಿನಾ ಅವಳ ಕೈಗೆ ರೊಟ್ಟಿ ಹಿಟ್ಟಿನ ಉಂಡೆ ಕೊಟ್ಟು ಹಿಸುಕಿಸುತ್ತಿದ್ದಳು. ಗುಳಿಗೆಯನ್ನೂ ಅವಳೇ ಎಣಿಸಿ ಕೊಡುತ್ತಿದ್ದಳು. ಆದರೆ ರಬಕವಿಗೆ ಹೋದ ಮೇಲೆ ಯಾರು ಕೊಡುತ್ತಾರೆ? ತಾನೇ ಒಪ್ಪದ ಕೆಲಸವನ್ನು ನೀಲಕ್ಕ ಯಾರ ಕಾವಲಿಗೂ ಹೆದರಿ ಮಾಡುವವಳಲ್ಲ. ಗುಳಿಗೆ ಬಿಟ್ಟರೆ ಮುಂದಿನ ಸಲ ಬರೀ ಕೈಗೇ ಮುಗಿಯಲಿಕ್ಕಿಲ್ಲ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು. ಸರಿಯಾದ ಹೋಲಿಕೆ ಬೇಕಿತ್ತು, ನನಗೆ ಅವಳೆದುರು 'ಹ್ಯಾಂಗಂದ್ರ' ಅನ್ನಲು ಧೈರ್ಯ ಇರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿಯ ಮೇಲೆ ಪ್ರಯೋಗ ಮಾಡಿದೆ. "ಹೃದಯ ಅಂದ್ರ ಪಂಪ್‌ಸೆಟ್ ಹಾಂಗ…"

"ಪಂಪ್‌ಸೆಟ್ ಕಾದ್ರ ಬಂದ್ ಮಾಡಿ ಇಡ್ತಾರ್ರಿ. ಆಕಿ ಅದನ್ನ ಹಿಡಕೊಂಡ್ರ?"

"ಗಿಡಕ್ಕ ದಿನಾ ನೀರ ಹಾಕಿದಾಂಗ…"

"ಮಳಿಗಾಲದಾಗ ಬಿಡ್ತಾಳ."

"ದಿನಾ ಹಲ್ಲ ತಿಕ್ಕಿದಾಂಗ…"

"ಆಕಿಗೆ ಇರೂವ ನಾಕ ಹಲ್ಲು." ಅವಳು ಒಲೆಯಿಂದ ತಿರುಗಿ ನನ್ನನ್ನು ನೋಡಿದಳು. "ನೀವು ಸುಮ್ಮನ ಎಷ್ಟ ಅಂತ ಹುಡುಕ್ತೀರಿ? ಮಗ್ಗ ಆಕಿದು, ಮೈ ಆಕಿದು. ಆಕಿನ್ನ ಕೇಳ್ರಿ."

ಇಷ್ಟು ವರ್ಷ ಕಲಿಸಿದವನಿಗೆ ಹೊಳೆಯದ್ದು ಅದು. ಮರುದಿನ ನೀಲಕ್ಕ ಬಿಸಿಲಿಗೆ ಕೂತು, ಬಲಗೈ ಬೆರಳುಗಳಿಂದ ಶೇಂಗಾ ಸುಲಿಯಲು ಒದ್ದಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅಕ್ಕಾ, ನನ್ನ ಹೋಲಿಕಿ ತಪ್ಪಿತು. ಅದಕ್ಕ ನಿನ್ನ ಕೈ ಹಿಂಗಾತು."

"ಕೈ ನಂದ, ಬಿಟ್ಟಾಕಿ ನಾ. ನಿಂದೇನೋ ಅದರಾಗ?"

"ನಂದ ಐತಿ. ಈಗ ನೀ ಹೇಳು. ಮಗ್ಗದಾಗ ಒಮ್ಮೆ ಮಾಡಿ ಬಿಟ್ರ ನಡಿಯಂಗಿಲ್ಲ, ದಿನಾ ಮಾಡಬೇಕು ಅನ್ನೂ ಕೆಲಸ ಯಾವುದೈತಿ?"

ಅವಳು ಶೇಂಗಾ ಬಿಟ್ಟು ಯೋಚಿಸಿದಳು. "ನೀರ ಚಿಮುಕಸೂದು" ಎಂದಳು. "ಬ್ಯಾಸಗ್ಯಾಗ ಹಾಸು ಒಣಗಿ ಪಟಪಟ ಹರೀತಾವು. ಮುಂಜಾನೆ ಕುಂಡ್ರೂ ಮೊದಲ ನೆಲಕ್ಕ, ತಗ್ಗಿಗೆ ನೀರ ಚಿಮುಕಿಸಿ ತಂಪ ಹಿಡೀಬೇಕು. ನಿನ್ನಿ ಹಾಕಿದ ನೀರ ನಿನ್ನಿಗೆ ಆರಿರತೈತಿ. ಇವತ್ತಿಂದ ಇವತ್ತ ಹಾಕಬೇಕು."

ಕಿಟಕಿಯಲ್ಲಿ ಅವಳ ಗುಳಿಗೆ ಒತ್ತಿ ತೆಗೆಯುವ ಪಟ್ಟಿ ಇತ್ತು. ಅವಳ ಕಣ್ಣು ಅದರ ಮೇಲೆ ಹೋಗಿ ನಿಂತಿತು.

"ಇದೂ ಹಾಂಗೇನು?"

"ಹೂಂ."

"ನಿನ್ನಿಂದು ಆರಿ ಹೊಕ್ಕೈತಿ?"

"ಹೂಂ ಅಕ್ಕಾ. ದಿನದ್ದ ದಿನಕ್ಕ."

"ಹಾಂಗಂತ ಮೊದಲ ಹೇಳಬೇಕಿತ್ತಿಲ್ಲೋ. ಸಾಲಿ ಕಲಿಸಿದಾಂವ ನೀ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಒಮ್ಮೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯಬೇಕಲ್ಲ. ಹೆಂಡತಿಯ ಮಾತು ನೆನಪಾಗಿ, "ಅಲ್ಲಾ ಅಕ್ಕಾ, ಮಳಿಗಾಲದಾಗ ನೀರ ಚಿಮುಕಸಂಗಿಲ್ಲಲ್ಲ?" ಎಂದು ಹೆದರುತ್ತಲೇ ಕೇಳಿದೆ.

ನೀಲಕ್ಕ ನಕ್ಕಳು. ಬಾಯಿಯ ಬಲತುದಿ ಇನ್ನೂ ಸ್ವಲ್ಪ ಹಿಂದೆ ಉಳಿಯುತ್ತಿತ್ತು. "ಮೈಯ್ಯಾಗ ಎಲ್ಲಿ ಮಳಿ ಬೀಳತೈತೋ ಹುಚ್ಚಾ? ಈ ವಯಸ್ಸಿಗೆ ಎಲ್ಲಾ ಬ್ಯಾಸಗೀನ."

ಅವಳು ರಬಕವಿಗೆ ಹೊರಟ ದಿನ, ರೇಖಾ ಬರುವಾಗ ತಂದಿದ್ದ ಈ ಲಾಳಿಯನ್ನು ನನ್ನ ಕೈಗಿಟ್ಟಳು. ಆ ಮುಂಜಾನೆ ಕಲ್ಲಿನ ನೆಲಕ್ಕೆ ಬಿದ್ದು ತುದಿ ಸೀಳಿದ್ದು ಇದೇ. "ಸೀಳಿದ ತುದಿ ಎಳಿ ಹರೀತೈತಿ, ಇನ್ನ ಮಗ್ಗಕ್ಕ ಬರಂಗಿಲ್ಲ. ನಿನಗ ಇರಲಿ. ಯಾರಿಗಾರ ತಿಳಿಸಿ ಹೇಳಾಕ ಬೇಕಾಗತೈತಿ" ಎಂದಳು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಅಕ್ಕಂದಿರ ಮಾತಿನಲ್ಲಿ ಅದೆಲ್ಲ ಒಟ್ಟಿಗೇ ಇರುತ್ತದೆ.

ಮೊನ್ನೆ ಊಟ ಮುಗಿಸಿ ಬಂದು ಮೊಮ್ಮಗಳ ಬಸ್ಸಿನ ಪ್ರಶ್ನೆಗೆ ಉತ್ತರ ಕೊಟ್ಟೆ. "ಇಲ್ಲ ತಂಗಿ, ಲಾಳ್ಯಾಗ ನಡುವ ಹತ್ತೋರು ಯಾರೂ ಇರಂಗಿಲ್ಲ. ಅಲ್ಲಿಗೆ ಬಸ್ಸಿನ ಮಾತ ಮುಗೀತು. ಖರೆ ಲಾಳಿ ನೋಡಬೇಕಂದ್ರ ನಾಳೆ ರಬಕವಿ ಅಜ್ಜಿ ಮನಿಗೆ ಹೋಗೂಣು." ಈಗೀಗ ಹೋಲಿಕೆ ಎಲ್ಲಿ ಶುರುವಾಗುತ್ತದೆ ಎನ್ನುವುದರ ಜೊತೆಗೆ ಎಲ್ಲಿ ಮುಗಿಯುತ್ತದೆ ಎಂದೂ ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಬಂದ ಬುದ್ಧಿ. ಹೆಂಡತಿ ಅದಕ್ಕೂ ಒಂದು ಹೋಲಿಕೆ ಹೇಳಲು ಬಂದಳು, ನಾನು ಕೇಳಿಸಿಕೊಳ್ಳಲಿಲ್ಲ.

ನೀಲಕ್ಕ ಈಗ ಮತ್ತೆ ಮಗ್ಗಕ್ಕೆ ಕೂರುತ್ತಾಳೆ. ಹಿಂದಿನಷ್ಟು ಅಲ್ಲ, ಮುಂಜಾನೆ ಒಂದು ತಾಸು. ಬಲಗೈ ಎಸೆದ ಲಾಳಿ ಎಡಗೈಗೆ ತುಸು ತಡವಾಗಿ ಮುಟ್ಟುತ್ತದೆ. ಗುಳಿಗೆಯ ಪಟ್ಟಿಯನ್ನು ನೀರಿನ ತಂಬಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ನೆಲಕ್ಕೆ ಚಿಮುಕಿಸಿ, ಗುಳಿಗೆ ನುಂಗಿ, ಆಮೇಲೆ ಕೂರುವುದು. ಓಣಿಯ ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನೇ ಕಲಿಸಿದ್ದಾಳಂತೆ. ನಾನು ದೂರದಿಂದ ದಿನಾ ಅವಳನ್ನು ವಿಚಾರಿಸಬೇಕೆಂದು ಏಳು ಗಂಟೆಗೆ ಫೋನ್ ಮಾಡುವ ನೇಮ ಇಟ್ಟುಕೊಂಡೆ. ಎರಡೇ ವಾರದಲ್ಲಿ ಅದು ತಿರುವುಮುರುವಾಗಿ, ಅವಳೇ ಮಾಡತೊಡಗಿದಳು.

ಇವತ್ತು ಮುಂಜಾನೆಯೂ ಬಂತು. ಮಗ್ಗದ ಪಕ್ಕದಲ್ಲೇ ಫೋನ್ ಇಟ್ಟುಕೊಂಡು ಜೋರಾಗಿ ಮಾತಾಡುತ್ತಾಳೆ. ಹಿಂದಿನಿಂದ ಮಗ್ಗದ ಸದ್ದು ಕೇಳುತ್ತಿರುತ್ತದೆ, ಮೊದಲಿನದಕ್ಕಿಂತ ನಿಧಾನ.

"ನಾ ನೀರ ಚಿಮುಕಿಸಿದೆ. ನೀ ಚಿಮುಕಿಸಿದಿ ಏನ?"

ನಾನು ಮೇಜಿನ ಕಡೆ ನೋಡಿದೆ. ಲಾಳಿಯ ಪಕ್ಕದಲ್ಲಿ ನನ್ನ ಪಟ್ಟಿ. ಇವತ್ತಿನ ಗುಳಿಗೆ ಅದರಲ್ಲೇ ಇತ್ತು. ದಿಟ ಹೇಳಬೇಕೆಂದರೆ ನಿನ್ನೆಯದೂ ಇತ್ತು.

"ಹ್ಯಾಂಗಂದ್ರ ಅಕ್ಕಾ…"

"ಹ್ಯಾಂಗಂದ್ರ ಬ್ಯಾಡ. ತಗೊಂಡಿಯೋ ಇಲ್ಲೋ?"

"ಇಲ್ಲ."

"ತಗೋ. ನಾ ತಡೀತೀನಿ."

ಆ ಕಡೆ ಮಗ್ಗ ನಿಂತಿತು. ನಾನು ಫೋನ್ ಬಂದ್ ಮಾಡದೆ ಮೇಜಿನ ಮೇಲಿಟ್ಟು, ಒಳಗೆ ಹೋಗಿ ನೀರು ತಂದು, ಗುಳಿಗೆ ನುಂಗಿ ಬಂದೆ. ಅಷ್ಟು ಹೊತ್ತೂ ಅವಳು ಕೈ ಕಟ್ಟಿ ಕೂತಿರಬೇಕು. ಮತ್ತೆ ಫೋನ್ ಕಿವಿಗಿಟ್ಟಾಗಲೂ ಒಂದೇ ಒಂದು ಎಳೆ ಹಾಕಿದ ಸದ್ದು ಇರಲಿಲ್ಲ.

"ಆತಕ್ಕಾ" ಎಂದೆ.

ಮಗ್ಗ ಮತ್ತೆ ಶುರುವಾಯಿತು.